ಎಂಜಿನ್ ಚಾಲೂ ಇರುವಾಗ ಕಾರಿಗೆ ಬೀಗ ಹಾಕುವುದು

ಎಂಜಿನ್ ನಿಲ್ಲಿಸದೆ ಚಾಲಕನು ಕೆಳಗಿಳಿದು ಕಾರಿನ ಬಾಗಿಲುಗಳಿಗೆ ಬೀಗ ಹಾಕುವ ಈ ಕ್ರಮವನ್ನು ಸಾಮಾನ್ಯವಾಗಿ ಹವಾನಿಯಂತ್ರಣವು ನಿಲ್ಲದಿರಲೆಂದು ಅನುಸರಿಸಲಾಗುತ್ತದೆ. ಕೀಲಿ ಒಳಗೇ ಉಳಿದರೆ ಬಾಗಿಲು ತೆರೆಯಲು ಎರಡನೆಯ ಕೀಲಿ ಬೇಕು. ಗುಂಡಿ ಒತ್ತಿ ಚಾಲೂ ಮಾಡುವ ಹಲವು ಕಾರುಗಳಲ್ಲಿ ಕೀಲಿಯನ್ನು ಹೊರಗೆ ಒಯ್ದರೆ ಎಚ್ಚರಿಕೆಯ ಸದ್ದು ಬರುತ್ತದೆ, ಎಂಜಿನ್ ಮಾತ್ರ ಓಡುತ್ತಲೇ ಇರುತ್ತದೆ.

ಮೋಟಾರು ವಾಹನ ಕಾಯ್ದೆ, 1988ರ 126ನೇ ಕಲಮಿನಂತೆ, ಸಾರ್ವಜನಿಕ ಸ್ಥಳದಲ್ಲಿ ನಿಂತ ವಾಹನದ ಚಾಲಕನ ಆಸನದಲ್ಲಿ ಪರವಾನಗಿ ಹೊಂದಿದವರು ಇರಬೇಕು. ಇಲ್ಲವಾದರೆ ಎಂಜಿನ್ ನಿಲ್ಲಿಸಿ ಬ್ರೇಕ್ ಹಾಕಿರಬೇಕು, ಅಥವಾ ವಾಹನವು ಆಕಸ್ಮಿಕವಾಗಿ ಚಲಿಸದಂತೆ ಬೇರೆ ಕ್ರಮ ಕೈಗೊಂಡಿರಬೇಕು. ಬಾಗಿಲಿನ ಬೀಗವೊಂದೇ ಇದಕ್ಕೆ ಸಾಲದು. ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯಲ್ಲಿ ಅಂಗಡಿಯ ಮುಂದೆ ಎರಡೇ ನಿಮಿಷ ನಿಲ್ಲಿಸಿದರೂ ನಿಯಮ ಇದೇ.

ಒಳಗೆ ಮಗುವಿದ್ದರೆ ಅಪಾಯ ಹೆಚ್ಚು. ಎಂಜಿನ್ ತಾನಾಗಿ ನಿಂತರೆ ತಂಪೂ ನಿಲ್ಲುತ್ತದೆ; ಬಿಸಿಲಿನಲ್ಲಿ ನಿಂತ ಕಾರಿನೊಳಗಿನ ಉಷ್ಣತೆ 10 ನಿಮಿಷಗಳಲ್ಲಿ ಸುಮಾರು 10 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಬಲ್ಲದು.