ಮದ್ದು: ಒಂದು ಪದದ ಎರಡು ಮುಖ

ಅಧ್ಯಾಪಕ ವೃತ್ತಿಯಲ್ಲಿದ್ದಾಗ ನಾವು ರಾಯದುರ್ಗ ಸೀಮೆಯ ಮಕ್ಕಳನ್ನು ಚಿತ್ರದುರ್ಗದ ಕೋಟೆಗೆ ಕರೆದೊಯ್ದಿದ್ದೆವು. ಅಲ್ಲಿನ ಹೊಂಡದೊಳಗಿರುವ ಭಾರೀ ಬೀಸುವ ಕಲ್ಲುಗಳನ್ನು ತೋರಿಸಿ, ಇವು ಮದ್ದು ಬೀಸುವ ಕಲ್ಲುಗಳೆಂದು ತಿಳಿಸಿದೆವು. ಒಬ್ಬ ಬಾಲಕ ಕೇಳಿದ: "ಅಷ್ಟೊಂದು ಜನಕ್ಕೆ ಕಾಯಿಲೆಯಾಗಿತ್ತಾ ಸಾರ್?" ಎಲ್ಲರೂ ನಕ್ಕರು. ಪ್ರಶ್ನೆ ಮಾತ್ರ ನಮ್ಮೊಳಗೆ ಉಳಿಯಿತು.

'ಇರ್ದ' ಎಂಬುದು 'ಇದ್ದ' ಆದಂತೆ, ಹಳಗನ್ನಡದ 'ಮರ್ದು' ಇಂದಿನ 'ಮದ್ದು' ಆಗಿದೆ. ಅದರ ಮೂಲಾರ್ಥ ಔಷಧ. ತಮಿಳಿನ 'ಮರುಂದು', ಮಲಯಾಳದ 'ಮರುನ್ನು', ತೆಲುಗಿನ 'ಮಂದು' ಇದರ ಒಡಹುಟ್ಟುಗಳು. ಮನೆಮದ್ದು ಎಂಬಲ್ಲಿ ಗುಣಪಡಿಸುವ ಈ ಪದವೇ ಕೈಮದ್ದು ಎಂಬಲ್ಲಿ ಕೇಡನ್ನು ಸೂಚಿಸುತ್ತದೆ.

ಸಿಡಿಯುವ ಪುಡಿ ಬಂದದ್ದು ಬಹಳ ತಡವಾಗಿ. ಚೀನಾದಲ್ಲಿ 9ನೆಯ ಶತಮಾನದ ಸುಮಾರಿಗೆ ರಸವಿದ್ಯೆಯವರ ಪ್ರಯೋಗಗಳಲ್ಲಿ ಅದು ಕಾಣಿಸಿಕೊಂಡಿತು. ಚೀನೀ ಭಾಷೆಯಲ್ಲಿ ಅದರ ಹೆಸರಿನ ಅರ್ಥ 'ಬೆಂಕಿಯ ಔಷಧ'. ಪಾರಸಿಯಲ್ಲಿ ಔಷಧವೆಂಬ ಅರ್ಥವುಳ್ಳ 'ದಾರೂ' ಮರಾಠಿಗೆ ಬಂದು ತೋಪಿನ ಮದ್ದೂ ಆಯಿತು, ಹೆಂಡವೂ ಆಯಿತು. ತೆಲುಗಿನ 'ಮಂದು' ಪದಕ್ಕೆ ಈ ಮೂರು ಅರ್ಥಗಳೂ ಉಂಟು.

ಇದರಲ್ಲಿ ಅಚ್ಚರಿಯಿಲ್ಲ. ತೋಪಿನ ಮದ್ದಿಗೆ ಬೇಕಾದುದು ಪೆಟ್ಲುಪ್ಪು, ಗಂಧಕ ಮತ್ತು ಇದ್ದಿಲು. ಗಂಧಕವು ಕಜ್ಜಿಗೆ ಹಚ್ಚುವ ಔಷಧವೂ ಹೌದು. ಅಳೆದು, ಅರೆದು, ಬೆರೆಸುವ ಕೆಲಸ ನಾಟಿವೈದ್ಯನಿಗೂ ಮದ್ದು ತಯಾರಿಸುವವನಿಗೂ ಒಂದೇ. ಆದ್ದರಿಂದ ಹಿರಿಯರು ಹೊಸ ವಸ್ತುವಿಗೂ ಹಳೆಯ ಪದವನ್ನೇ ಸಲ್ಲಿಸಿದರು. ಮದ್ದುಗುಂಡು, ಸಿಡಿಮದ್ದು, ಮದ್ದಿನ ಮನೆ ಎಂಬ ಮಾತುಗಳು ಬಳಕೆಗೆ ಬಂದವು. 1779ರಲ್ಲಿ ಚಿತ್ರದುರ್ಗವು ಹೈದರಾಲಿಯ ವಶವಾಗಿ ಮದಕರಿ ನಾಯಕನ ಆಳ್ವಿಕೆ ಮುಗಿಯಿತು. ಕಲ್ಲುಗಳೂ ಅವುಗಳ ಹೆಸರೂ ಉಳಿದುಕೊಂಡವು.

1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದು ರಾಯದುರ್ಗ, ಆದೋನಿ, ಆಲೂರು ತಾಲೂಕುಗಳು ಆಂಧ್ರಕ್ಕೆ ಸೇರಿದವು. ಆದರೂ ನಮ್ಮ ಸಂತೆಗಳಲ್ಲಿ 'ಮದ್ದು', 'ಮಂದು' ಎರಡನ್ನೂ ಕೇಳುತ್ತ ನಾವು ಬೆಳೆದೆವು. ಒಂದನ್ನು ಬಲ್ಲವನಿಗೆ ಇನ್ನೊಂದು ಪರಕೀಯವೆನಿಸಲಿಲ್ಲ. ಈಗ ನಮ್ಮ ಮೊಮ್ಮಕ್ಕಳು ಒಂದಕ್ಕೆ 'ಮೆಡಿಸಿನ್', ಇನ್ನೊಂದಕ್ಕೆ 'ಬಾಂಬ್' ಎನ್ನುತ್ತಾರೆ. ಹೊಸ ಪದಗಳು ಬರಲಿ, ನಮಗೆ ಬೇಸರವಿಲ್ಲ. ಆದರೆ ಕಾಯುವುದಕ್ಕೂ ಕೊಲ್ಲುವುದಕ್ಕೂ ಒಂದೇ ಹೆಸರಿದ್ದಾಗ ಅದನ್ನು ಅಳತೆಯರಿತು ಮುಟ್ಟಬೇಕೆಂಬ ಎಚ್ಚರ ಆ ಹೆಸರಿನಲ್ಲೇ ಇತ್ತು. ಆ ಎಚ್ಚರವನ್ನು ಮನೆಯ ಹಿರಿಯರು ಮಕ್ಕಳಿಗೆ ಹೇಳಿಕೊಡಬೇಕೆಂಬುದು ನಮ್ಮ ವಿನಂತಿ.

ಅಂದು ಆ ಬಾಲಕನಿಗೆ ನಾವು ಉತ್ತರ ಕೊಡಲಿಲ್ಲ. ಅವನ ಪ್ರಶ್ನೆ ತಪ್ಪಾಗಿರಲಿಲ್ಲವೆಂದು ಇಷ್ಟು ತಡವಾಗಿಯಾದರೂ ಇಲ್ಲಿ ಬರೆದಿಡುತ್ತಿದ್ದೇವೆ.