ಬೀದಿಯ ಮುಖಗಳು, ಕ್ಯಾಮೆರಾದ ಕಣ್ಣು

ದಾರಿಯಲ್ಲಿ ಹೋಗುವವರ ಚಿತ್ರವನ್ನು ಅವರಿಗೆ ತಿಳಿಯದಂತೆ ತೆಗೆಯಲು ಇಂದು ನಿಮ್ಮ ಕಿಸೆಯಲ್ಲಿರುವ ಮೊಬೈಲ್ ಸಾಕು. ಆದರೆ ಬೀದಿಯ ಬದುಕು ಕ್ಯಾಮೆರಾಕ್ಕೆ ಸುಲಭವಾಗಿ ಒಲಿದದ್ದಲ್ಲ.

1838ರಲ್ಲಿ ಲೂಯಿ ಡಾಗೇರ್ ಪ್ಯಾರಿಸ್ಸಿನ ಒಂದು ದೊಡ್ಡ ರಸ್ತೆಯ ಚಿತ್ರ ತೆಗೆದರು. ಬಿಂಬ ಮೂಡಲು ಹಲವು ನಿಮಿಷಗಳು ಬೇಕಿದ್ದುದರಿಂದ ಓಡಾಡುತ್ತಿದ್ದ ಜನರಾಗಲಿ ಗಾಡಿಗಳಾಗಲಿ ಅದರಲ್ಲಿ ಕಾಣಲೇ ಇಲ್ಲ. ಬೂಟು ಪಾಲಿಶ್ ಮಾಡಿಸಿಕೊಳ್ಳಲು ನಿಂತಿದ್ದ ಒಬ್ಬಾತ ಮಾತ್ರ ಸ್ಪಷ್ಟವಾಗಿ ಉಳಿದ. ತನ್ನ ಚಿತ್ರ ತೆಗೆಯಲಾಗಿದೆ ಎಂಬುದು ಅವನಿಗೆ ತಿಳಿದಿರಲಿಕ್ಕಿಲ್ಲ.

1925ರಲ್ಲಿ ಜರ್ಮನಿಯ ಲೈಕಾ ಕ್ಯಾಮೆರಾ ಮಾರುಕಟ್ಟೆಗೆ ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಅಂಗೈಯಲ್ಲಿ ಹಿಡಿಯಬಹುದಾದ ಈ ಸಾಧನವನ್ನು ಫ್ರಾನ್ಸಿನ ಹೆನ್ರಿ ಕಾರ್ತಿಯೇ ಬ್ರೆಸಾನ್ ತಮ್ಮ ಕಣ್ಣಿನಂತೆ ಬಳಸಿದರು. ಜನರ ಗಮನ ಸೆಳೆಯದಿರಲೆಂದು ಅದರ ಹೊಳೆಯುವ ಭಾಗಗಳಿಗೆ ಕಪ್ಪು ಪಟ್ಟಿ ಅಂಟಿಸುತ್ತಿದ್ದರು. 1948ರಲ್ಲಿ ಶ್ರೀನಗರದ ಹರಿ ಪರ್ಬತ್ ಬೆಟ್ಟದ ಮೇಲೆ ಪ್ರಾರ್ಥಿಸುತ್ತಿದ್ದ ಮುಸ್ಲಿಂ ಮಹಿಳೆಯರನ್ನು ಅವರು ಹಿಂದಿನಿಂದ ಚಿತ್ರಿಸಿದರು. ಅಲ್ಲಿ ಚಾಚಿದ ಕೈಗಳೇ ಎಲ್ಲವನ್ನೂ ಹೇಳುತ್ತವೆ. ಒಳ್ಳೆಯ ಚಿತ್ರಕ್ಕೆ ಯಾರ ಮುಖವನ್ನೂ ಕಸಿದುಕೊಳ್ಳಬೇಕಾಗಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಅಮೆರಿಕದ ವಾಕರ್ ಎವಾನ್ಸ್ ಇನ್ನೊಂದು ದಾರಿ ಹಿಡಿದರು. 1938ರಿಂದ 1941ರವರೆಗೆ ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ಕೋಟಿನೊಳಗೆ ಕ್ಯಾಮೆರಾ ಅಡಗಿಸಿಟ್ಟು ಎದುರಿಗೆ ಕುಳಿತವರ ಚಿತ್ರ ತೆಗೆದರು. ಆ ದಣಿದ ಮುಖಗಳಲ್ಲಿ ನಟನೆಯಿಲ್ಲ, ಒಪ್ಪಿಗೆಯೂ ಇಲ್ಲ. ಅವು ಪುಸ್ತಕವಾಗಿ ಹೊರಬಂದದ್ದು 1966ರಲ್ಲಿ.

ಕಲೆ ದೊಡ್ಡದೋ, ವ್ಯಕ್ತಿಯ ಘನತೆ ದೊಡ್ಡದೋ? ಈ ಪ್ರಶ್ನೆ ನ್ಯಾಯಾಲಯವನ್ನೂ ತಲುಪಿತು. ಫಿಲಿಪ್ ಲೋರ್ಕಾ ಡಿಕೋರ್ಸಿಯಾ ಟೈಮ್ಸ್ ಚೌಕದಲ್ಲಿ ದೂರದಿಂದ ತೆಗೆದ ಚಿತ್ರಗಳು 2001ರಲ್ಲಿ ಪ್ರದರ್ಶನಗೊಂಡವು. ಅವುಗಳಲ್ಲಿ ತಮ್ಮ ಮುಖವಿರುವುದನ್ನು ತಿಳಿದ ಧರ್ಮನಿಷ್ಠ ಯಹೂದಿ ವೃದ್ಧರೊಬ್ಬರು, ಇದು ತಮ್ಮ ನಂಬಿಕೆಗೆ ವಿರುದ್ಧವೆಂದು ಮೊಕದ್ದಮೆ ಹೂಡಿದರು. 2006ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಆ ಚಿತ್ರವನ್ನು ಕಲೆಯೆಂದು ಪರಿಗಣಿಸಿ ದಾವೆಯನ್ನು ವಜಾ ಮಾಡಿತು. ಕಲಾವಿದರು ಗೆದ್ದರು, ವೃದ್ಧರ ನೋವು ಹಾಗೆಯೇ ಉಳಿಯಿತು.

ನಮ್ಮ ದೇಶದಲ್ಲಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಸಾರ್ವಜನಿಕ ಸ್ಥಳದಲ್ಲಿದ್ದ ಮಾತ್ರಕ್ಕೆ ಮನುಷ್ಯನ ಖಾಸಗಿತನ ಅಳಿದುಹೋಗುವುದಿಲ್ಲ ಎಂಬ ಮಾತೂ ಆ ತೀರ್ಪಿನಲ್ಲಿದೆ.

ವಿದ್ಯಾರ್ಥಿಗಳೇ, ಬೀದಿಯ ಚಿತ್ರಗಳಿಲ್ಲದಿದ್ದರೆ ಸಾಮಾನ್ಯ ಜನರು ಹೇಗೆ ಬದುಕಿದರೆಂಬುದು ಇತಿಹಾಸಕ್ಕೆ ಉಳಿಯುತ್ತಿರಲಿಲ್ಲ. ಆದುದರಿಂದ ಕ್ಯಾಮೆರಾವನ್ನು ಕೈಬಿಡಬೇಡಿ. ಆದರೆ ಅಳುತ್ತಿರುವವರು, ಅಪಘಾತದಲ್ಲಿ ಬಿದ್ದವರು, ಬೇಡವೆಂದು ಕೈ ಅಡ್ಡ ಹಿಡಿದವರು ಎದುರಾದಾಗ, ಆ ಜಾಗದಲ್ಲಿ ನಿಮ್ಮ ತಾಯಿಯೋ ತಂದೆಯೋ ಇದ್ದರೆ ಈ ಚಿತ್ರ ತೆಗೆಯುತ್ತಿದ್ದಿರಾ ಎಂದು ಒಮ್ಮೆ ಕೇಳಿಕೊಳ್ಳಿ. ಕ್ಯಾಮೆರಾ ಚಿಕ್ಕದಾದಷ್ಟೂ ಅದನ್ನು ಹಿಡಿದವರ ಹೊಣೆ ದೊಡ್ಡದಾಗುತ್ತದೆ.