ಹ್ಯಾರಿ ಪಾಟರ್ ಓದಿದರೆ ಮಕ್ಕಳು ಮಾಟ-ಮಂತ್ರ ಕಲಿಯುತ್ತಾರೆಯೇ? ಹಳೇ ಫಾರ್ವರ್ಡ್‌ನ ಅಸಲಿ ಕಥೆ

ಏನು ಹೇಳಲಾಗುತ್ತಿದೆ?

ಹ್ಯಾರಿ ಪಾಟರ್ ಪುಸ್ತಕಗಳನ್ನು ಓದಿದ ಮಕ್ಕಳು ದೇವರನ್ನು ಬಿಟ್ಟು ಸೈತಾನನ ಪೂಜೆಗೆ ಇಳಿಯುತ್ತಿದ್ದಾರೆ ಎಂಬ ಮಾತು ವಾಟ್ಸ್‌ಆಪ್ ಬರುವ ಮೊದಲೇ ಇಮೇಲ್‌ಗಳಲ್ಲಿ ಹರಿದಾಡಿತ್ತು. ಇದು ನಿಜವೇ? ನೋಡೋಣ.

ಈ ಮಾತು ಹೇಗೆ ಹರಡಿತು?

ಅಮೆರಿಕದ 'ದಿ ಆನಿಯನ್' ಎಂಬ ಪತ್ರಿಕೆ ನಗಿಸಲೆಂದೇ ಸುಳ್ಳು ಸುದ್ದಿ ಬರೆಯುತ್ತದೆ. 2000ರಲ್ಲಿ ಅದು ಹ್ಯಾರಿ ಪಾಟರ್‌ನಿಂದ ಸೈತಾನ ಪೂಜೆ ಹೆಚ್ಚಿದೆ ಎಂದು ತಮಾಷೆಗೆ ಬರೆಯಿತು. ಅದರಲ್ಲಿದ್ದ ಮಕ್ಕಳ ಮಾತುಗಳೆಲ್ಲ ಕಟ್ಟುಕಥೆ. ಆದರೆ ಜನ ಅದನ್ನೇ ನಿಜವೆಂದು ನಂಬಿ ಇಮೇಲ್‌ನಲ್ಲಿ ಹಂಚಿದರು.

ಇದರಿಂದ ಏನಾಯಿತು?

ಪುಸ್ತಕದಲ್ಲಿ ಮಾಟವಿದೆ ಎಂಬ ವಿರೋಧ ಆಗಲೇ ಇತ್ತು. 2001ರ ಡಿಸೆಂಬರ್‌ನಲ್ಲಿ ನ್ಯೂ ಮೆಕ್ಸಿಕೋದ ಅಲಮೊಗಾರ್ಡೊದಲ್ಲಿ ಒಂದು ಚರ್ಚ್‌ನವರು ಈ ಪುಸ್ತಕಗಳನ್ನು ಸುಟ್ಟರು. ಅಮೆರಿಕದ ಗ್ರಂಥಾಲಯ ಸಂಘದ ಪ್ರಕಾರ, 2000ರಿಂದ 2009ರವರೆಗೆ ಅಲ್ಲಿ ಅತಿ ಹೆಚ್ಚು ಆಕ್ಷೇಪಕ್ಕೆ ಗುರಿಯಾದದ್ದು ಇದೇ ಸರಣಿ.

ಅರ್ಕಾನ್ಸಾದ ಸೀಡರ್‌ವಿಲ್‌ನಲ್ಲಿ, ಪೋಷಕರ ಸಹಿ ಇಲ್ಲದೆ ಮಕ್ಕಳಿಗೆ ಈ ಪುಸ್ತಕ ಕೊಡಬಾರದು ಎಂದು ಶಾಲಾ ಮಂಡಳಿ ನಿಯಮ ಮಾಡಿತು. ಒಬ್ಬ ವಿದ್ಯಾರ್ಥಿನಿಯ ಪೋಷಕರು ಕೋರ್ಟಿಗೆ ಹೋದರು. ಮಗಳು ಓದಲು ಅವರ ಒಪ್ಪಿಗೆ ಇತ್ತು. ಆದರೂ ಸಹಿ ತರಲೇಬೇಕು ಎಂದರೆ ಪುಸ್ತಕಕ್ಕೂ ಓದುವ ಮಗುವಿಗೂ 'ಕೆಟ್ಟದ್ದು' ಎಂಬ ಹಣೆಪಟ್ಟಿ ಬೀಳುತ್ತದೆ. 2003ರಲ್ಲಿ ಕೋರ್ಟ್ ಪುಸ್ತಕಗಳನ್ನು ಎಲ್ಲರಿಗೂ ಸಿಗುವಂತೆ ಮತ್ತೆ ಕಪಾಟಿನಲ್ಲಿಡಿ ಎಂದು ಆದೇಶಿಸಿತು.

ಹಾಗಾದರೆ ಧರ್ಮವೇ ಇದಕ್ಕೆ ವಿರುದ್ಧವೇ?

ಹಾಗೆ ಹೇಳಲಾಗದು. 'ಕ್ರಿಶ್ಚಿಯಾನಿಟಿ ಟುಡೇ' ಎಂಬ ಕ್ರೈಸ್ತ ಪತ್ರಿಕೆಯೇ 2000ರಲ್ಲಿ ಈ ಪುಸ್ತಕಗಳ ಪರವಾಗಿ ಸಂಪಾದಕೀಯ ಬರೆದಿತ್ತು. 2019ರಲ್ಲಿ ಪೋಲೆಂಡ್‌ನಲ್ಲಿ ಪಾದ್ರಿಗಳು ಹ್ಯಾರಿ ಪಾಟರ್ ಪುಸ್ತಕವನ್ನು ಸುಟ್ಟಾಗ ಭಾರೀ ಟೀಕೆ ಬಂತು, ಕೊನೆಗೆ ಕ್ಷಮೆ ಕೇಳಬೇಕಾಯಿತು.

ಓದಿದ ಮಕ್ಕಳಿಗೆ ಏನಾಗುತ್ತದೆ?

ಈ ಕಥೆಯ ಮಂತ್ರಗಳು ಬಹುಪಾಲು ಲ್ಯಾಟಿನ್‌ನಂತೆ ಕೇಳುವ, ಲೇಖಕಿ ಜೆ. ಕೆ. ರೌಲಿಂಗ್ ಕಟ್ಟಿದ ಪದಗಳು. ಚಂದಮಾಮದಲ್ಲಿ ಬೇತಾಳನ ಕಥೆ ಓದಿದವರು ಯಾರೂ ಸ್ಮಶಾನಕ್ಕೆ ಹೆಣ ಹೊರಲು ಹೋಗಲಿಲ್ಲ ತಾನೇ? 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಟಲಿಯ ಶಾಲಾ ಮಕ್ಕಳಿಗೆ, ಭೇದಭಾವದ ಬಗ್ಗೆ ಈ ಪುಸ್ತಕಗಳಲ್ಲಿರುವ ಭಾಗಗಳನ್ನು ಓದಿಸಿ ಚರ್ಚಿಸಲಾಯಿತು. ಹ್ಯಾರಿಯನ್ನು ತಮ್ಮವನೆಂದುಕೊಂಡ ಮಕ್ಕಳಲ್ಲಿ ವಲಸಿಗರ ಬಗ್ಗೆ ಒಳ್ಳೆಯ ಭಾವನೆ ಹೆಚ್ಚಿತ್ತು. ಇದೊಂದೇ ಅಧ್ಯಯನದಿಂದ ಎಲ್ಲ ಮಕ್ಕಳ ಬಗ್ಗೆ ಹೇಳಲಾಗದು ಎಂಬುದೂ ನೆನಪಿರಲಿ.

ಪೋಷಕರು ಏನು ಮಾಡಬಹುದು?

ಮಗು ಏನು ಓದುತ್ತಿದೆ ಎಂಬ ಕಾಳಜಿ ತಪ್ಪಲ್ಲ. ಸರಣಿಯ ಕೊನೆಯ ಭಾಗಗಳಲ್ಲಿ ಸಾವು, ಭಯ ಹೆಚ್ಚು. ತೀರಾ ಚಿಕ್ಕವರಿಗೆ ಅವು ಭಾರವಾಗಬಹುದು. ಮೊದಲು ನೀವು ಹತ್ತು ಪುಟ ಓದಿ, ಆಮೇಲೆ ಮಗುವಿನ ಜೊತೆ ಮಾತಾಡಿ.

ನಮ್ಮ ತೀರ್ಮಾನ: ಸೈತಾನ ಪೂಜೆಯ ಮಾತು ಸುಳ್ಳು. ಮುಂದಿನ ಸಲ ಇಂಥ ಮೆಸೇಜ್ ಬಂದರೆ, ಕಳುಹಿಸಿದವರನ್ನು ಒಂದೇ ಪ್ರಶ್ನೆ ಕೇಳಿ: ನೀವು ಪುಸ್ತಕ ಓದಿದ್ದೀರಾ?